ಸಂಜೆ ಬಿಟ್ಟ ಬಾಣ, ಮರುದಿನ ಬೆಳಿಗ್ಗೆ ಸಿಕ್ಕಿದ ಜಿಂಕೆ: ಅಳಿಯನಿಗೆ ಎಂತ ಹೇಳುವುದು?

ಪರ್ಕಳದಣ್ಣ
ಎಲ್ಲರಿಗೂ ನಮಸ್ಕಾರ. ಬಿಲ್ಲುಗಾರಿಕೆ ಗೊತ್ತಿರುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೆ ಕೇಳ್ತಾ ಇದ್ದೇನೆ. ನನ್ನ ಅಕ್ಕನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಕಾಂಪೌಂಡ್ (ತುದಿಯಲ್ಲಿ ರಾಟೆ ಇರುವ) ಬಿಲ್ಲಿನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವುದುಂಟು. ಅಕ್ಟೋಬರ್ ಕೊನೆಯ ವಾರ ಸಂಜೆ ಆರೂವರೆಗೆ, ಮರಕ್ಕೆ ಕಟ್ಟಿದ ಅಟ್ಟಣಿಗೆಯಿಂದ ಒಂದು ಗಂಡು ಜಿಂಕೆಗೆ ಬಾಣ ಬಿಟ್ಟಿದ್ದಾನೆ. ದೂರ 28 ಗಜ. ಜಿಂಕೆ ಪೂರ್ತಿ ಅಡ್ಡ ನಿಂತಿರಲಿಲ್ಲ, ಮುಖ ಸ್ವಲ್ಪ ಇವನ ಕಡೆಗೆ ಓರೆಯಾಗಿತ್ತು. ಬಾಣ ಬಿಟ್ಟ ಸದ್ದಿಗೇ ಅದು ಕುಗ್ಗಿ ತಿರುಗಿತು. ಬಲಪಕ್ಕೆಯಲ್ಲಿ, ಎಣಿಸಿದ್ದಕ್ಕಿಂತ ಹಿಂದೆ ತಾಗಿತು. ಬೆನ್ನು ಗೂನು ಮಾಡಿಕೊಂಡು ನಡೆದೇ ಹೋಯಿತಂತೆ, ಓಡಲಿಲ್ಲ.

ಇಪ್ಪತ್ತು ನಿಮಿಷ ಬಿಟ್ಟು ಇಳಿದ. ಬಾಣ ಆಚೆ ಕಡೆ ನೆಲದಲ್ಲಿತ್ತು. ಕಡು ರಕ್ತ, ಜೊತೆಗೆ ಹಸಿರು-ಕಂದು ಲೋಳೆ. ಟಾರ್ಚ್ ಹಿಡಿದು ಅರುವತ್ತು ಮೀಟರ್ ಹೋಗುವಾಗ ಪೊದೆಯಲ್ಲಿ ಎದ್ದು ಹೋದ ಸದ್ದು. ಅಲ್ಲಿಂದ ಹಿಂದೆ ಬಂದ. ರಾತ್ರಿ ಚಳಿ 2 ಡಿಗ್ರಿ. ಬೆಳಿಗ್ಗೆ ಜಾಡು ಹಿಡಿಯುವ ನಾಯಿ ಇರುವವರನ್ನು ಕರೆಸಿ, ಒಂಬತ್ತರ ಹೊತ್ತಿಗೆ ಸುಮಾರು 350 ಮೀಟರ್ ಆಚೆ ಸತ್ತು ಬಿದ್ದದ್ದು ಸಿಕ್ಕಿತು.

ಈಗ ಹುಡುಗನಿಗೆ ಸಿಕ್ಕಿತಲ್ಲ ಎಂಬ ಸಮಾಧಾನವೂ ಉಂಟು, ರಾತ್ರಿ ಇಡೀ ಅದು ನರಳಿತಲ್ಲ ಎಂಬ ಸಂಕಟವೂ ಉಂಟು. ಬಿಲ್ಲು ಮಾರಿಬಿಡ್ತೇನೆ ಅಂತಾನೆ. ಕೇಳುವುದು ಇಷ್ಟು: ಎಲ್ಲಿ ತಪ್ಪಿತು? ಮಾಂಸ ತಿನ್ನಬಹುದಾ? ಅವನಿಗೆ ಎಂತ ಹೇಳಲಿ?

ಬಿಲ್ಲು_ಬಾಣ_ಕುಡ್ಲ
ಪರ್ಕಳದಣ್ಣ, ನೀವು ಬರೆದ ವಿವರದಲ್ಲೇ ಉತ್ತರ ಉಂಟು. ಬೆನ್ನು ಗೂನಾಗಿ ನಡೆದು ಹೋದದ್ದು ಅಂದರೆ ಹೊಟ್ಟೆಗೆ ತಾಗಿದೆ. ಎದೆಗೆ ತಾಗಿದ ಜಿಂಕೆ ಹಿಂಗಾಲು ಝಾಡಿಸಿ, ಮೈ ತಗ್ಗಿಸಿ, ದಿಕ್ಕೆಟ್ಟು ಓಡುತ್ತದೆ. ಅಟ್ಟಣಿಗೆಯಲ್ಲಿ ಕೂತಿರುವಾಗಲೇ ಅದು ಗೊತ್ತಾಗಬೇಕಿತ್ತು.

ಬಾಣ ನೋಡುವುದು ಹೀಗೆ. ಗುಲಾಬಿ ಬಣ್ಣ, ಸಣ್ಣ ಸಣ್ಣ ನೊರೆಗುಳ್ಳೆ ಇದ್ದರೆ ಶ್ವಾಸಕೋಶ. ಕೆಂಪು, ಧಾರಾಳ ರಕ್ತ ಇದ್ದರೆ ಹೃದಯ ಅಥವಾ ದೊಡ್ಡ ರಕ್ತನಾಳ. ಕಪ್ಪಿಗೆ ತಿರುಗಿದ ಕೆಂಪು, ದಪ್ಪ ರಕ್ತ ಅಂದರೆ ಲಿವರ್. ನೀರು ನೀರಾದ ರಕ್ತದಲ್ಲಿ ಹಸಿರು ಚೂರು, ಸೆಗಣಿ ವಾಸನೆ ಇದ್ದರೆ ಹೊಟ್ಟೆ. ಗರಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ಸಂಶಯ ಉಳಿಯುವುದಿಲ್ಲ. ಕೂದಲೂ ಹೇಳುತ್ತದೆ. ಉದ್ದ, ತುದಿ ಕಪ್ಪು ಇದ್ದರೆ ಬೆನ್ನಿನದ್ದು. ಬಿಳಿ, ಒರಟು ಇದ್ದರೆ ಹೊಟ್ಟೆಯ ಅಡಿಯದ್ದು.

ಇವನದ್ದು ಕಡು ರಕ್ತವೂ ಹಸಿರೂ ಎರಡೂ ಇದ್ದ ಕಾರಣ ಲಿವರ್ ಮತ್ತು ಹೊಟ್ಟೆ ಎರಡೂ. ಕಾಯುವ ಹೊತ್ತು: ಎರಡೂ ಶ್ವಾಸಕೋಶಕ್ಕೆ ಅರ್ಧ ಗಂಟೆ, ಲಿವರ್‌ಗೆ 4ರಿಂದ 6 ಗಂಟೆ, ಬರೀ ಹೊಟ್ಟೆಗೆ 8ರಿಂದ 12 ಗಂಟೆ. ಎರಡು ಸೂಚನೆ ಒಟ್ಟಿಗೆ ಕಂಡರೆ ಉದ್ದದ ಲೆಕ್ಕವನ್ನೇ ಹಿಡಿಯಬೇಕು. ಇಪ್ಪತ್ತು ನಿಮಿಷಕ್ಕೆ ಇಳಿದು ಬಾಣ ನೋಡಿದ್ದು ಪರವಾಗಿಲ್ಲ. ನೋಡಿದ ಮೇಲೆ ಮುಂದೆ ಹೆಜ್ಜೆ ಇಟ್ಟದ್ದು ತಪ್ಪು.

ಕುಂದಾಪ್ರದ್ ಹೆಣ್
ಹ್ವಾಯ್, ನಂದೊಂದ್ ಪ್ರಶ್ನೆ. ರಾತ್ರಿ ಇಡೀ ಬಿಟ್ರೆ ನರಿ ಗಿರಿ ಬಂದ್ ತಿಂಬುದಿಲ್ಯಾ?

ದೇರೆಬೈಲು_ಡೆಟ್ರಾಯಿಟ್
ತಿಂತವೆ ಅಕ್ಕ. ಅಲ್ಲಿ ಕಯೋಟಿ ಅಂತ ಉಂಟು, ತೋಳ-ನರಿಯ ನಡುವಿನ ಗಾತ್ರದ್ದು. ಬೆಳಗ್ಗೆ ಹೋಗುವಾಗ ಹಿಂಭಾಗ ಇಡೀ ಖಾಲಿ ಆದದ್ದೂ ಉಂಟು. ಆದರೂ ಕಾಯುವುದೇ ಸರಿ. ಎಬ್ಬಿಸಿದ ಜಿಂಕೆ ಕಿಲೋಮೀಟರ್‌ಗಟ್ಟಲೆ ಹೋಗಿ ಯಾರದ್ದೋ ಜಾಗದಲ್ಲಿ ಸಾಯುತ್ತದೆ, ಆಗ ಯಾರಿಗೂ ಸಿಗುವುದಿಲ್ಲ. ಎಬ್ಬಿಸದಿದ್ದರೆ ಹೆಚ್ಚಿನವು ನೂರಿನ್ನೂರು ಮೀಟರ್ ಒಳಗೆ ಮಲಗುತ್ತವೆ, ಅಲ್ಲೇ ಸಾಯುತ್ತವೆ.

ಕಾರ್ಕಳ ಭಟ್ರು
ಕ್ಷಮಿಸಿ, ಕೇಳದೆ ಇರಲಿಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ತಿನ್ನಲಿಕ್ಕೆ ಬೇಕಾದಷ್ಟು ಸಿಗುವ ದೇಶದಲ್ಲಿ ಕೂತು ಇದೆಲ್ಲ ಯಾಕೆ? ಹುಡುಗನ ಸಂಕಟವೇ ಸರಿಯಾದ ಉತ್ತರ ಹೇಳ್ತಾ ಉಂಟು. ಬಿಲ್ಲು ಮಾರಲಿ, ಬಿಟ್ಟುಬಿಡಿ.

ವೆಟ್_ಬ್ರಹ್ಮಾವರ
ಭಟ್ರೆ, ನಿಮ್ಮ ಮಾತಿಗೆ ಆಮೇಲೆ ಬರ್ತೇನೆ. ಮೊದಲು ಒಳಗೆ ಆದದ್ದು ಎಂತ ಅಂತ ಹೇಳ್ತೇನೆ, ಯಾಕೆಂದರೆ ಹುಡುಗ ಅಂದಾಜು ಮಾಡಿಕೊಂಡು ಸಂಕಟ ಪಡ್ತಾ ಇದ್ದಾನೆ.

ಜಿಂಕೆ ನಮ್ಮ ದನದ ಹಾಗೆ ಮೆಲುಕು ಹಾಕುವ ಪ್ರಾಣಿ. ದೊಡ್ಡ ಹೊಟ್ಟೆ ಎಡಗಡೆ ತುಂಬಿಕೊಂಡಿರುತ್ತದೆ, ಲಿವರ್ ಬಲಗಡೆ ವಪೆಗೆ (ಎದೆ-ಹೊಟ್ಟೆಯ ನಡುವಿನ ಪರದೆಗೆ) ಅಂಟಿಕೊಂಡ ಹಾಗೆ ಕೂತಿರುತ್ತದೆ. ಬಾಣ ಬಲಪಕ್ಕೆಯಲ್ಲಿ ಹೊಕ್ಕದ್ದು ಅಂತ ಬರೆದಿದ್ದೀರಿ. ಅಂದರೆ ಮೊದಲು ಲಿವರ್ ಸೀಳಿ, ಓರೆಯಾಗಿ ಹಿಂದಕ್ಕೆ ಹೋಗಿ, ಎಡಹೊಟ್ಟೆಯ ಕೆಳಗೆ ಹೊರಗೆ ಬಂದಿದೆ. ಮೇಲಿನಿಂದ ಬಿಟ್ಟ ಬಾಣ ಆದ ಕಾರಣ ಹೊರಬಿದ್ದ ತೂತು ಕೆಳಗಡೆ. ಸಾಮಾನ್ಯವಾಗಿ ಕೆಳಗಿನ ತೂತಿನಿಂದ ರಕ್ತ ಚೆನ್ನಾಗಿ ಸುರಿಯಬೇಕು. ಆದರೆ ಹೊಟ್ಟೆಯ ಕೊಬ್ಬಿನ ಪದರ, ಅರೆದ ಸೊಪ್ಪು ಬಂದು ತೂತಿಗೆ ಬಿರಡೆ ಹಾಕಿಬಿಡುತ್ತದೆ. ರಕ್ತ ಒಳಗೇ ನಿಲ್ಲುತ್ತದೆ. ಹಾಗಾಗಿ ಜಾಡಿನಲ್ಲಿ ರಕ್ತ ಕಡಿಮೆ ಕಂಡಿರಬೇಕು, ಗಾಯ ಸಣ್ಣದು ಅಂತ ಅಲ್ಲ.

70 ಕೆ.ಜಿ.ಯ ಪ್ರಾಣಿಯಲ್ಲಿ ರಕ್ತ ಐದು ಲೀಟರಿನಷ್ಟು. ಅದರ ಮೂರರಲ್ಲೊಂದು ಪಾಲು ಹೋದರೆ ನಿಲ್ಲಲಿಕ್ಕೆ ಆಗುವುದಿಲ್ಲ. ಎರಡೂ ಶ್ವಾಸಕೋಶ ತೂತಾದರೆ ಹತ್ತು-ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಲಿವರ್‌ನಿಂದ ರಕ್ತ ನಿಧಾನವಾಗಿ, ಆದರೆ ನಿಲ್ಲದೆ ಹರಿಯುತ್ತದೆ. ಇದು ಬರೀ ಹೊಟ್ಟೆಯ ಗಾಯ ಆಗಿದ್ದರೆ ಬೆಳಗಿನ ತನಕ ಜೀವ ಇರುವ ಸಾಧ್ಯತೆ ಹೆಚ್ಚು. ಲಿವರ್‌ಗೂ ತಾಗಿದ ಕಾರಣ ರಾತ್ರಿಯೇ, ಕೆಲವು ಗಂಟೆಯಲ್ಲಿ ಸತ್ತಿರಬೇಕು. ನೋವಿಲ್ಲದೆ ಅಂತ ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ರಾತ್ರಿ ಇಡೀ ನರಳಿತು ಅನ್ನುವುದೂ ಬಹುಶಃ ಸರಿಯಲ್ಲ.

ಸುರತ್ಕಲ್_ಸದ್ದು
ಎಲ್ಲರೂ ಗಾಯದ ಬಗ್ಗೆ ಮಾತಾಡ್ತಾ ಇದ್ದೀರಿ, ಮೂಲ ಕಾರಣ ಬಿಲ್ಲಿನ ಸದ್ದು. ಲೆಕ್ಕ ನೋಡಿ. ಬಾಣದ ವೇಗ ಸೆಕೆಂಡಿಗೆ ಅಂದಾಜು 85 ಮೀಟರ್, ಸದ್ದಿನದ್ದು 340. 28 ಗಜ ಅಂದರೆ ಸುಮಾರು 25.6 ಮೀಟರ್. ಬಾಣ ತಲುಪಲಿಕ್ಕೆ 0.30 ಸೆಕೆಂಡ್, ಸದ್ದು 0.08ಕ್ಕೇ ತಲುಪುತ್ತದೆ. ಜಿಂಕೆಗೆ 0.22 ಸೆಕೆಂಡ್ ಸಿಕ್ಕಿತು. ಬೆದರಿ ಪ್ರತಿಕ್ರಿಯಿಸಲಿಕ್ಕೆ 0.08 ತೆಗೆಯಿರಿ, ಉಳಿದದ್ದು 0.14. ಓಡಲಿಕ್ಕೆ ಮೊದಲು ಅದು ಕಾಲು ಸಡಿಲ ಬಿಟ್ಟು ಕುಗ್ಗುತ್ತದೆ, ಗುರುತ್ವದಲ್ಲಿ ಬಿದ್ದಷ್ಟೇ ವೇಗದಲ್ಲಿ. 0.14 ಸೆಕೆಂಡಿನಲ್ಲಿ ಹತ್ತು ಸೆಂಟಿಮೀಟರ್ ಕೆಳಗೆ.

ಪರಿಹಾರ ಸುಲಭ. ಇನ್ನೂ ವೇಗದ ಬಿಲ್ಲು ತಗೊಳ್ಳಲಿ.

ಬಿಲ್ಲು_ಬಾಣ_ಕುಡ್ಲ
@ಸುರತ್ಕಲ್_ಸದ್ದು ಲೆಕ್ಕ ಸರಿ, ಪರಿಹಾರ ತಪ್ಪು. ವೇಗ 85ರಿಂದ 91ಕ್ಕೆ ಏರಿಸಿದರೆ ಉಳಿತಾಯ ಆಗುವುದು 0.02 ಸೆಕೆಂಡ್, ಅಂದರೆ ಕುಗ್ಗುವುದರಲ್ಲಿ ಎರಡು-ಮೂರು ಸೆಂ.ಮೀ. ಅಷ್ಟಕ್ಕೋಸ್ಕರ ಬಾಣ ಹಗುರ ಮಾಡಿದರೆ ಬಿಲ್ಲಿನ ಸದ್ದು ಇನ್ನೂ ಜೋರಾಗುತ್ತದೆ, ಬಾಣ ಒಳಹೊಗುವ ಶಕ್ತಿಯೂ ಕಡಿಮೆಯಾಗುತ್ತದೆ. ಭಾರದ ಬಾಣ, ಹೆದೆಗೆ ರಬ್ಬರಿನ ಸದ್ದು ನುಂಗುವ ಕುಚ್ಚು, ಮತ್ತೆ ಹತ್ತಿರದ ದೂರ. ಇಪ್ಪತ್ತು ಗಜದ ಒಳಗೆ ಬಿಟ್ಟರೆ ಕುಗ್ಗಲಿಕ್ಕೆ ಹೆಚ್ಚು ಸಮಯ ಸಿಗುವುದಿಲ್ಲ. ನಲುವತ್ತು ಗಜಕ್ಕೆ ನಿಮ್ಮದೇ ಲೆಕ್ಕ ಹಾಕಿ ನೋಡಿ, ಒಂದು ಅಡಿಯ ಹತ್ತಿರ ಬರ್ತದೆ.

ಮತ್ತೊಂದು, ಇಲ್ಲಿ ಬಾಣ ಮೇಲೆ ತಾಗಿದ್ದಲ್ಲ, ಹಿಂದೆ ತಾಗಿದ್ದು. ಕುಗ್ಗಿದ್ದಕ್ಕಿಂತ ತಿರುಗಿದ್ದು ಹೆಚ್ಚು ಕೆಡಿಸಿದೆ. ಮುಖ ಈಚೆಗೆ ಓರೆ ಇದ್ದ ಜಿಂಕೆಗೆ ಬಿಟ್ಟದ್ದೇ ಮೂಲ ತಪ್ಪು. ಆ ಕೋನದಲ್ಲಿ ಹೆಗಲ ಮೂಳೆ ಶ್ವಾಸಕೋಶಕ್ಕೆ ಅಡ್ಡ ಬರುತ್ತದೆ. ಮೂಳೆ ತಪ್ಪಿಸಲಿಕ್ಕೆ ಅಂತ ಸ್ವಲ್ಪ ಹಿಂದೆ ಗುರಿ ಇಟ್ಟರೆ ಬಾಣ ಒಂದು ಶ್ವಾಸಕೋಶವನ್ನೋ ಲಿವರನ್ನೋ ಹಿಡಿದು ಸೀದಾ ಹೊಟ್ಟೆಗೆ ಹೋಗುತ್ತದೆ. ಬಂದೂಕಿನ ಗುಂಡು ಪೆಟ್ಟಿನಿಂದ ಕೊಲ್ಲುತ್ತದೆ, ಬಾಣ ಕೊಯ್ದು ರಕ್ತ ಹರಿಸಿ ಮಾತ್ರ ಕೊಲ್ಲುತ್ತದೆ. ಎಲ್ಲಿ ಕೊಯ್ಯಿತು ಅನ್ನುವುದೇ ಎಲ್ಲ.

ಪಡುಬಿದ್ರಿ_ಪಡು
ಓರೆ ಅಂದರೆ ಎಂತ ಅಂತ ನಮ್ಮಂಥವರಿಗೆ ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

ಬಿಲ್ಲು_ಬಾಣ_ಕುಡ್ಲ
ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋದಾಗ ಚುಕ್ಕೆ ಜಿಂಕೆಯನ್ನು ಐದು ನಿಮಿಷ ನಿಂತು ನೋಡಿ, ಚಿತ್ರ ಬೇಡ. ಗಾತ್ರವೂ ಬಿಳಿಬಾಲದ್ದಕ್ಕೆ ಹತ್ತಿರ. ಅದು ಪೂರ್ತಿ ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಕಣ್ಣು ಇಡಿ. ಹೃದಯದ ಮೇಲ್ತುದಿ, ಎರಡೂ ಶ್ವಾಸಕೋಶ ಅಲ್ಲಿ. ಅದೇ ಜಿಂಕೆ ನಿಮಗೆ ಹಿಂಭಾಗ ತೋರಿಸುತ್ತ ಓರೆಯಾದರೆ, ಗುರಿ ಆಚೆ ಬದಿಯ ಮುಂಗಾಲಿಗೆ. ಈಚೆಯಿಂದ ನೋಡುವಾಗ ಬಾಣ ಪಕ್ಕೆಲುಬಿನ ತುಂಬಾ ಹಿಂದೆ ಹೊಕ್ಕ ಹಾಗೆ ಕಾಣುತ್ತದೆ, ಆದರೆ ಒಳಗೆ ಮುಂದೆ ಹೋಗಿ ಶ್ವಾಸಕೋಶ ಸೀಳುತ್ತದೆ. ಬಿಲ್ಲಿಗೆ ಅತಿ ಒಳ್ಳೆಯ ಕೋನ ಅದು. ಮುಖ ನಿಮ್ಮ ಕಡೆಗೆ ತಿರುಗಿ ಓರೆಯಾದರೆ ಎಲ್ಲ ತಲೆಕೆಳಗು. ಆಗ ಬಿಲ್ಲು ಇಳಿಸಿ ಕಾಯುವುದು. ಜಿಂಕೆ ನಿಂತಲ್ಲೇ ನಿಲ್ಲುವುದಿಲ್ಲ, ಅರ್ಧ ನಿಮಿಷದಲ್ಲಿ ಮತ್ತೆ ತಿರುಗುತ್ತದೆ. ತಿರುಗದೆ ಹೋದರೆ ಹೋಗಲಿ.

ಪುತ್ತೂರು_ಪೋಕಾಲೆ
ಬೆನ್ನೆಲುಬಿನ ಕೆಳಗೆ, ಶ್ವಾಸಕೋಶದ ಮೇಲೆ ಒಂದು ಖಾಲಿ ಜಾಗ ಉಂಟಂತೆ. ಅಲ್ಲಿ ತಾಗಿದರೆ ಜಿಂಕೆಗೆ ಏನೂ ಆಗುವುದಿಲ್ಲ ಅಂತ ವಿಡಿಯೋದಲ್ಲೆಲ್ಲ ಹೇಳ್ತಾರೆ. ಇವನ ಬಾಣವೂ ಹಾಗೆ ಆಗಿದ್ದರೆ ಬದುಕ್ತಿತ್ತೋ ಏನೋ.

ವೆಟ್_ಬ್ರಹ್ಮಾವರ
ಅಂಥ ಜಾಗ ಇಲ್ಲ. ಎದೆಗೂಡಿನಲ್ಲಿ ಶ್ವಾಸಕೋಶ ಬೆನ್ನೆಲುಬಿನ ಅಡಿಗೆ ತಾಗಿಕೊಂಡೇ ಇರುತ್ತದೆ. ಆ ಮಾತು ಹುಟ್ಟಲಿಕ್ಕೆ ಕಾರಣ ಬೇರೆ. ಹೆಗಲ ಹತ್ತಿರ ಬೆನ್ನೆಲುಬಿನ ಪ್ರತಿ ಮಣಿಯಿಂದ ಒಂದು ಉದ್ದ ಮುಳ್ಳುಮೂಳೆ ಮೇಲಕ್ಕೆ ಎದ್ದಿರುತ್ತದೆ. ಹಾಗಾಗಿ ನಿಜವಾದ ಬೆನ್ನೆಲುಬು ಹೊರಗೆ ಕಾಣುವ ಬೆನ್ನಿಗಿಂತ ಸುಮಾರು ಕೆಳಗೆ ಇರುತ್ತದೆ. ಬಾಣ ಬೆನ್ನೆಲುಬಿನ ಮೇಲೆ, ಬರೀ ಮಾಂಸದಲ್ಲಿ ಹೋಗಿರುತ್ತದೆ, ನೋಡಿದವರು ಕೆಳಗೆ ಹೋಯಿತು ಅಂದುಕೊಳ್ಳುತ್ತಾರೆ. ಮಾಂಸದ ಗಾಯದಲ್ಲಿ ಮೊದಲ ನೂರು ಮೀಟರ್ ಕೆಂಪು ರಕ್ತ ಚೆನ್ನಾಗಿ ಬಿದ್ದು, ಆಮೇಲೆ ಹನಿ ಹನಿಯಾಗಿ, ಮತ್ತೆ ನಿಂತೇ ಹೋಗುತ್ತದೆ. ಅಂಥವು ಹೆಚ್ಚಾಗಿ ಬದುಕುತ್ತವೆ.

ದೇರೆಬೈಲು_ಡೆಟ್ರಾಯಿಟ್
ಜಾಡಿನ ಬಗ್ಗೆ ಹೇಳಬೇಕಾದ್ದು ಉಂಟು. ಕತ್ತಲಲ್ಲಿ ರಕ್ತ ಹುಡುಕುವಾಗ ನೆಲ ಮಾತ್ರ ನೋಡಿದರೆ ಸಾಲದು. ಹುಲ್ಲಿನ ದಂಟು, ಪೊದೆಯ ಎಲೆ ನೋಡಬೇಕು. ಜಿಂಕೆಯ ಪಕ್ಕೆ ಒರಸಿಕೊಂಡು ಹೋದ ರಕ್ತ ಮೊಣಕಾಲೆತ್ತರದಲ್ಲಿ ಇರುತ್ತದೆ, ಅದರ ಎತ್ತರ ನೋಡಿ ತೂತು ಎಲ್ಲಿ ಉಂಟು ಅಂತ ಹೇಳಬಹುದು. ಎರಡೂ ಬದಿಯ ದಂಟಿಗೆ ತಾಗಿದ್ದರೆ ಬಾಣ ಆರುಪಾರು ಹೋಗಿದೆ ಅಂತ ಲೆಕ್ಕ. ಅಕ್ಟೋಬರಿನಲ್ಲಿ ಅಲ್ಲಿ ಮೇಪಲ್ ಎಲೆ ಕೆಂಪು ಚುಕ್ಕೆ ಚುಕ್ಕೆ ಆಗಿರುತ್ತದೆ, ಪ್ರತಿಯೊಂದೂ ರಕ್ತದ ಹಾಗೆ ಕಾಣುತ್ತದೆ. ಸಣ್ಣ ಸ್ಪ್ರೇ ಬಾಟಲಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇಟ್ಟುಕೊಂಡು ಸಂಶಯದ ಎಲೆಗೆ ಹೊಡೆದರೆ, ರಕ್ತ ಆದರೆ ಬಿಳಿ ನೊರೆ ಏಳುತ್ತದೆ. ಎಲೆಯ ಬಣ್ಣಕ್ಕೆ ಏಳುವುದಿಲ್ಲ. ಕೊನೆಯ ರಕ್ತ ಕಂಡಲ್ಲಿ ಟಿಶ್ಯೂ ಕಾಗದದ ಚೂರು ಕಟ್ಟುವುದು, ಜಾಡಿನ ಮೇಲೆ ನಡೆಯದೆ ಬದಿಯಲ್ಲೇ ನಡೆಯುವುದು.

ನಾಯಿ ಕರೆಸಿದ್ದು ಆ ಹುಡುಗ ಮಾಡಿದ ಅತಿ ಒಳ್ಳೆಯ ಕೆಲಸ. ಅಲ್ಲಿ ಗಾಯಗೊಂಡ ಜಿಂಕೆಯನ್ನು ಹಗ್ಗ ಹಾಕಿದ ನಾಯಿಯಿಂದ ಹುಡುಕಲಿಕ್ಕೆ ಅನುಮತಿ ಉಂಟು. ನಾಯಿ ಬರೀ ರಕ್ತ ಹಿಡಿಯುವುದಲ್ಲ. ಜಿಂಕೆಯ ಗೊರಸಿನ ಸಂದಿಯಲ್ಲಿ ಗ್ರಂಥಿ ಉಂಟು, ಹೆಜ್ಜೆ ಇಟ್ಟಲ್ಲೆಲ್ಲ ಅದರ ವಾಸನೆ ಉಳಿಯುತ್ತದೆ. ರಕ್ತದ ಒಂದು ಹನಿ ಇಲ್ಲದೆಯೂ ಹಿಡಿಯುತ್ತದೆ. ಆದರೆ ಕರೆಸುವ ಮೊದಲು ನಾಲ್ಕು ಜನ ಸೇರಿ ಜಾಡಿನ ಮೇಲೆಲ್ಲ ಓಡಾಡಿ ಬೂಟಿನಲ್ಲಿ ರಕ್ತ ಹರಡಿಬಿಟ್ಟರೆ ನಾಯಿಗೂ ಕಷ್ಟ. ಇವನು ಅರುವತ್ತು ಮೀಟರಿಗೆ ನಿಲ್ಲಿಸಿದ ಕಾರಣ ಸಿಕ್ಕಿತು.

ಕಾರ್ಕಳ ಭಟ್ರು
ನೀವೆಲ್ಲ ಇಷ್ಟು ಸೂಕ್ಷ್ಮವಾಗಿ ಹೇಳುವುದು ಓದಿದರೆ ಒಂದು ಕಡೆ ಗೌರವ ಬರುತ್ತದೆ. ಆದರೂ ನನ್ನ ಪ್ರಶ್ನೆ ಹಾಗೇ ಉಂಟು. ದಶರಥ ಸದ್ದು ಕೇಳಿ ಬಾಣ ಬಿಟ್ಟ, ಜೀವಮಾನ ಇಡೀ ಅನುಭವಿಸಿದ. ಈ ಹುಡುಗ ನೋಡಿಯೇ ಬಿಟ್ಟದ್ದು.

ದೇರೆಬೈಲು_ಡೆಟ್ರಾಯಿಟ್
ಭಟ್ರೆ, ಅಲ್ಲಿನ ಸಂಗತಿ ಬೇರೆ. ತೋಳ ಈಗ ಮಿಷಿಗನ್‌ನ ಉತ್ತರದ ತುಂಡಿನಲ್ಲಿ ಮಾತ್ರ, ದಕ್ಷಿಣದಲ್ಲಿ ಜಿಂಕೆಯನ್ನು ಹಿಡಿತದಲ್ಲಿಡುವ ದೊಡ್ಡ ಪ್ರಾಣಿ ಇಲ್ಲ. ಸಂಖ್ಯೆ ಏರಿದರೆ ಕಾಡಿನ ಸಸಿಯನ್ನೆಲ್ಲ ಮೇಯ್ದು ಮುಗಿಸುತ್ತವೆ. ರಸ್ತೆಯಲ್ಲಿ ಕಾರಿಗೆ ಡಿಕ್ಕಿಯಾಗುವುದು ಆ ಒಂದು ರಾಜ್ಯದಲ್ಲೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು. ಲೈಸೆನ್ಸಿನ ಹಣದಲ್ಲಿ ಅರಣ್ಯದ ಕೆಲಸ ನಡೆಯುತ್ತದೆ. ಕದ್ದು ಮಾಡುವ ಕೆಲಸ ಅಲ್ಲ ಅದು.

ಕಾರ್ಕಳ ಭಟ್ರು
ಜಿಂಕೆಯ ಸಂಖ್ಯೆ ಕಡಿಮೆ ಮಾಡಬೇಕು ಅನ್ನುವುದನ್ನು ಒಪ್ಪಿದೆ. ಆದರೆ ಆ ಲೆಕ್ಕ ಈ ಒಂದು ಜಿಂಕೆಯ ಆ ಕೆಲವು ಗಂಟೆಗಳಿಗೆ ಉತ್ತರ ಅಲ್ಲ. ಬಂದೂಕಿನಲ್ಲಿ ಬೇಗ ಮುಗಿಯುವುದನ್ನು ಬಿಲ್ಲಿನಲ್ಲಿ ಯಾಕೆ ಮಾಡಬೇಕು?

ವೆಟ್_ಬ್ರಹ್ಮಾವರ
ಭಟ್ರ ಈ ಮಾತು ಸರಿ. ಸಂಖ್ಯೆಯ ವಾದ ಹೇಳಿ ಹುಡುಗನ ಬಾಯಿ ಮುಚ್ಚಿಸಬಾರದು. ಆದರೆ ಬಂದೂಕಿನಲ್ಲೂ ಹೊಟ್ಟೆಗೆ ತಾಗಿದರೆ ಇದೇ ಕಥೆ. ಶ್ವಾಸಕೋಶಕ್ಕೆ ಸರಿಯಾಗಿ ಹೋದ ಹರಿತ ಬಾಣ, ಕಾಡಿನಲ್ಲಿ ಜಿಂಕೆಗೆ ಬರುವ ಬೇರೆ ಸಾವುಗಳಿಗಿಂತ ಬೇಗ ಮುಗಿಸುತ್ತದೆ. ಹಸಿವು, ಕಾರಿನ ಪೆಟ್ಟು, ಕಯೋಟಿ ಇದೆಲ್ಲ ನಿಧಾನದ ಸಾವು. ಹಾಗಾಗಿ ಆ ಹುಡುಗ ಕೇಳಿಕೊಳ್ಳಬೇಕಾದ್ದು ಬಿಲ್ಲು ಬೇಕಾ ಬೇಡವಾ ಅಂತ ಅಲ್ಲ. ಸರಿಯಾದ ಕೋನ ಸಿಗದಿದ್ದರೆ ಬಿಡದೆ ಇರುವಷ್ಟು ತಾಳ್ಮೆ ತನಗುಂಟಾ ಅಂತ. ಇಲ್ಲ ಅಂತಾದರೆ ಮಾರುವುದೇ ಒಳ್ಳೆಯದು, ಅದರಲ್ಲಿ ಅವಮಾನ ಇಲ್ಲ.

ಪಡುಬಿದ್ರಿ_ಪಡು
ನಮ್ಮಲ್ಲೂ ಕೆಡ್ಡಸ ಹಬ್ಬಕ್ಕೆ ಬೋಂಟೆ (ಬೇಟೆ) ಅಂತ ಇತ್ತಲ್ಲ. ತುಳುವಿನ ಪೊನ್ನಿ ತಿಂಗಳ ಕೊನೆಗೆ ಊರಿನವರೆಲ್ಲ ಸೇರಿ ಕಾಡಿಗೆ ಹೋಗುವುದು. ಈಗ ಹಂದಿ ಬಂದು ತೋಟ ಇಡೀ ಅಗೆದು ಹಾಕಿದರೂ ನೋಡಿಕೊಂಡು ಕೂರಬೇಕು. ಬಿಲ್ಲಿಗೆ ಲೈಸೆನ್ಸ್ ಬೇಡ ಅಲ್ವಾ, ಇಲ್ಲಿ ಯಾಕೆ ಪ್ರಯತ್ನ ಮಾಡಬಾರದು?

ಕಾನೂನು_ಕಟ್ಟೆ
ದಯವಿಟ್ಟು ಆ ಯೋಚನೆ ಇಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಪ್ರಕಾರ ಬೇಟೆ ನಿಷಿದ್ಧ. ಬಂದೂಕು, ಬಿಲ್ಲು, ಉರುಳು, ಬಲೆ ಯಾವುದರಲ್ಲಿ ಮಾಡಿದರೂ ಒಂದೇ. ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದು, ಬಲೆ ಹಾಕುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ‘ಬೇಟೆ’ಯ ವ್ಯಾಖ್ಯೆಯೊಳಗೆ ಬರುತ್ತದೆ. ಮಾಂಸ ಇಟ್ಟುಕೊಂಡರೂ ಕೇಸ್. ಹಂದಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಫೋಟೋ ಸಮೇತ ಅರ್ಜಿ ಕೊಟ್ಟು ಪರಿಹಾರ ಕೇಳಿ. ಈ ಚರ್ಚೆ ಮಿಷಿಗನ್‌ನ ಕಾನೂನುಬದ್ಧ ಬೇಟೆಯ ಬಗ್ಗೆ ಮಾತ್ರ ಇರಲಿ.

ಪರ್ಕಳದಣ್ಣ, ಇನ್ನೊಂದು ಮುಖ್ಯ. ಅಳಿಯ ಊರಿಗೆ ಬರುವಾಗ ಕೊಂಬು, ಚರ್ಮ, ಒಣ ಮಾಂಸ ಏನನ್ನೂ ಬ್ಯಾಗಿನಲ್ಲಿ ತರುವುದು ಬೇಡ. ವನ್ಯಪ್ರಾಣಿಯ ಭಾಗವನ್ನೂ ಮಾಂಸವನ್ನೂ ಪರವಾನಗಿ ಇಲ್ಲದೆ ತರುವಂತಿಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಅಮೆರಿಕದ್ದು ಅಂತ ವಾದಿಸಿ ಪ್ರಯೋಜನ ಇಲ್ಲ.

ಪಡುಬಿದ್ರಿ_ಪಡು
ಆಯ್ತು ಸರ್, ಅರ್ಥ ಆಯ್ತು. ಅಡಿಕೆ ಗಿಡ ಹೋದ ಬೇಜಾರಿಗೆ ಬರೆದದ್ದು.

ವಾಲೆನ್ಸಿಯಾ_ಅಡಿಗೆಮನೆ
ಮಾಂಸದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸಂಜೆ ಆರೂವರೆಯಿಂದ ಬೆಳಿಗ್ಗೆ ಒಂಬತ್ತು, ಅದರಲ್ಲೂ ಹೊಟ್ಟೆ ಒಡೆದದ್ದು. ಪೂರ್ತಿ ಬಿಸಾಡುವುದು ಒಳ್ಳೆಯದಲ್ವಾ?

ವೆಟ್_ಬ್ರಹ್ಮಾವರ
ಪೂರ್ತಿ ಬಿಸಾಡಬೇಕಾಗಿಲ್ಲ, ಕಣ್ಣು ಮುಚ್ಚಿ ಪೂರ್ತಿ ತಿನ್ನಬಾರದು ಕೂಡ. ಹೊರಗೆ 2 ಡಿಗ್ರಿ ಇದ್ದದ್ದು ಪುಣ್ಯ. ಆದರೆ ಸತ್ತ ಮೇಲೂ ದೊಡ್ಡ ಹೊಟ್ಟೆಯಲ್ಲಿ ಹುಳಿಯುವುದು ನಡೆಯುತ್ತಲೇ ಇರುತ್ತದೆ, ಒಳಗಿನ ಬಿಸಿ ಬೇಗ ಇಳಿಯುವುದಿಲ್ಲ. ದಪ್ಪ ತುಪ್ಪಳ ಬೇರೆ. ನೆಲಕ್ಕೆ ತಾಗಿದ ಬದಿ ಇನ್ನೂ ನಿಧಾನ.

ಹೀಗೆ ಒಡೆದ ಹೊಟ್ಟೆ ಇದ್ದಾಗ ಹೊಟ್ಟೆ ಕೊಯ್ಯುವುದೇ ಬೇಡ. ಬೆನ್ನ ಮೇಲಿನಿಂದ ಚರ್ಮ ಸುಲಿದು, ಬೆನ್ನಿನ ಉದ್ದಕ್ಕೆ ಇರುವ ಎರಡು ಪಟ್ಟಿ ಮಾಂಸ, ಎರಡು ಮುಂಗೈ (ಮುಂಗಾಲಿನ ಮಾಂಸ), ಎರಡು ತೊಡೆ ಹೊರಗಿನಿಂದಲೇ ಬಿಡಿಸಿಕೊಳ್ಳುವುದು. ಪಕ್ಕೆಲುಬು, ಹೊಟ್ಟೆಯ ಬದಿಯ ತೆಳು ಮಾಂಸ, ಬೆನ್ನೆಲುಬಿನ ಒಳಬದಿಯ ಮೆದು ಮಾಂಸ ಮೂರನ್ನೂ ಬಿಡಬೇಕು. ಹೊಟ್ಟೆಯ ರಸ ಸೇರಿ ನಿಂತ ಜಾಗ ಅದು. ತೊಡೆಯನ್ನು ಸೊಂಟದ ಕೀಲಿನ ತನಕ ಕೊಯ್ದು ಮೂಳೆಯ ಪಕ್ಕ ಮೂಸಿ ನೋಡಿ. ಮಾಂಸ ಮೂಳೆಯ ಹತ್ತಿರದಿಂದ ಹಳಸುತ್ತ ಬರುತ್ತದೆ, ಮೇಲೆ ಕೆಂಪಗೆ ಚೆಂದ ಇರುತ್ತದೆ. ಹುಳಿ ವಾಸನೆ, ಹಸಿರು ಛಾಯೆ, ಬೆರಳಿಗೆ ಅಂಟು ಇದ್ದರೆ ಆ ತೊಡೆ ಪೂರ್ತಿ ಬಿಡಿ. ಚೆನ್ನಾಗಿದ್ದದ್ದನ್ನು ಕೂಡಲೇ 4 ಡಿಗ್ರಿಗಿಂತ ಕೆಳಗೆ ಇಡಬೇಕು. ಹೊಟ್ಟೆಯ ರಸ ತಾಗಿದ ಕಡೆ ಬರೀ ತೊಳೆದರೆ ಸಾಲದು, ಅರ್ಧ ಬೆರಳು ದಪ್ಪಕ್ಕೆ ಕೆತ್ತಿ ತೆಗೆಯಬೇಕು.

ಪರ್ಕಳದಣ್ಣ
ಈಗ ಕೇಳಿದೆ. ಎಡತೊಡೆ, ಪಕ್ಕೆಲುಬು ಬಿಟ್ಟಿದ್ದಾನೆ. ಬಲತೊಡೆ, ಮುಂಗೈ, ಬೆನ್ನಪಟ್ಟಿ ಫ್ರಿಜ್ಜಿನಲ್ಲಿ ಉಂಟಂತೆ. ತಿನ್ನಲಿಕ್ಕೆ ಮನಸ್ಸು ಬರುವುದಿಲ್ಲ ಅಂತಾನೆ.

ದೇರೆಬೈಲು_ಡೆಟ್ರಾಯಿಟ್
ತಲೆ ಬಿಸಾಡಿಲ್ಲ ತಾನೆ? ಅಲ್ಲಿ ಜಿಂಕೆಗಳಲ್ಲಿ ‘ಕ್ರಾನಿಕ್ ವೇಸ್ಟಿಂಗ್’ ಅಂತ ಮೆದುಳು ಸವೆಯುವ ಕಾಯಿಲೆ ಉಂಟು. ಮಿಷಿಗನ್‌ನ ಕಾಡು ಜಿಂಕೆಯಲ್ಲಿ ಮೊದಲು ಕಂಡದ್ದು 2015ರಲ್ಲಿ. ಮನುಷ್ಯರಿಗೆ ಹರಡಿದ್ದು ಈ ತನಕ ದೃಢಪಟ್ಟಿಲ್ಲ, ಆದರೆ ಕಾಯಿಲೆ ಇರುವ ಪ್ರದೇಶದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆ ತಿನ್ನುವುದು ಸರಿ. ಗಂಟಲಿನ ಹಿಂದಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದು ನೋಡುತ್ತಾರೆ. ಮೆದುಳು, ಬೆನ್ನುಹುರಿ, ಗ್ರಂಥಿ ಮುಟ್ಟುವುದೇ ಬೇಡ, ಬೆನ್ನೆಲುಬನ್ನು ಗರಗಸದಲ್ಲಿ ಕೊಯ್ಯುವುದೂ ಬೇಡ.

ಮತ್ತೆ ಜಿಂಕೆ ಸಿಕ್ಕಿದ ಕೂಡಲೇ ಟ್ಯಾಗ್ ಕಟ್ಟಬೇಕು, 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಮಾಡಬೇಕು. 350 ಮೀಟರ್ ಹೋಗುವಾಗ ಬೇರೆಯವರ ಜಾಗ ದಾಟಿದ್ದರೆ ಯಜಮಾನರ ಅನುಮತಿ ಕೇಳಿರಬೇಕು. ಅದು ಆಗಿದೆಯಾ ಕೇಳಿ.

ಪರ್ಕಳದಣ್ಣ
ವರದಿ ಆಗಿದೆ. ತಲೆ ಇಟ್ಟಿದ್ದಾನೆ, ಕೊಡಲಿಕ್ಕೆ ಹೇಳ್ತೇನೆ. ಬೇಲಿಯಾಚೆಯವರಿಗೆ ಬೆಳಿಗ್ಗೆಯೇ ಫೋನ್ ಮಾಡಿದ್ದನಂತೆ.

ವಾಲೆನ್ಸಿಯಾ_ಅಡಿಗೆಮನೆ
ಪರೀಕ್ಷೆ ಸರಿ ಬಂದರೆ ತಿನ್ನಲೇಬೇಕು ಅಂತ ಹೇಳಿ. ಇಷ್ಟು ಆದ ಮೇಲೆ ಫ್ರಿಜ್ಜಿನಲ್ಲಿ ಕೊಳೆಯಿಸಿದರೆ ಆ ಜಿಂಕೆಗೆ ಮಾಡಿದ ಎರಡನೇ ಅನ್ಯಾಯ.

ಜಿಂಕೆಯ ಕೊಬ್ಬು ಮೇಣದ ಹಾಗೆ ನಾಲಿಗೆಗೆ ಅಂಟುತ್ತದೆ, ವಾಸನೆ ಅಂತ ಜನ ಹೇಳುವುದು ಹೆಚ್ಚಾಗಿ ಅದೇ. ಬಿಳಿ ಕೊಬ್ಬನ್ನೂ ಮಾಂಸದ ಮೇಲಿನ ಬೆಳ್ಳಿಯಂಥ ಪೊರೆಯನ್ನೂ ಚೂರಿಯಿಂದ ಪೂರ್ತಿ ತೆಗೆಯಬೇಕು. ಮುಂಗೈಯ ತುಂಡಿಗೆ ಬಫಾತ್ ಪುಡಿ (ಮಂಗಳೂರಿನ ಮಸಾಲೆ ಪುಡಿ), ಈರುಳ್ಳಿ, ಶುಂಠಿ, ಸ್ವಲ್ಪ ವಿನೆಗರ್ ಹಾಕಿ ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಲಿ. ಅದರದ್ದೇ ಕೊಬ್ಬು ಇಲ್ಲದ ಕಾರಣ ಎರಡು ಚಮಚ ಎಣ್ಣೆ ಹೆಚ್ಚು ಬೇಕು. ಬೆನ್ನಪಟ್ಟಿಯನ್ನು ಹಾಗೆ ಬೇಯಿಸಿದರೆ ಒಣ ಕಟ್ಟಿಗೆ ಆಗ್ತದೆ, ಅದಕ್ಕೆ ದಪ್ಪ ತುಂಡು ಮಾಡಿ ಕಾವಲಿಯಲ್ಲಿ ಬೇಗ ತಿರುಗಿಸಿ ತೆಗೆಯುವುದು.

ಕುಂದಾಪ್ರದ್ ಹೆಣ್
ಸುಕ್ಕ ಮಾಡುಕ್ ಆತಿಲ್ಯಾ?

ವಾಲೆನ್ಸಿಯಾ_ಅಡಿಗೆಮನೆ
ಆಗ್ತದೆ, ತೆಂಗಿನಕಾಯಿ ಹಾಕುವ ಮೊದಲು ಮಾಂಸ ಪೂರ್ತಿ ಬೆಂದಿರಬೇಕು. ಕೀಮಾ ಮಾಡುವುದಾದರೆ ನಡುವಿನ ತನಕ 71 ಡಿಗ್ರಿ ಬಿಸಿ ತಲುಪಬೇಕು, ಅದರಲ್ಲಿ ರಾಜಿ ಬೇಡ. ಹೊಟ್ಟೆ ಒಡೆದ ಜಿಂಕೆಯದ್ದಾದರೆ ಕೀಮಾ ಮಾಡದೆ ಇರುವುದೇ ಉತ್ತಮ, ಮೇಲಿದ್ದ ಕೊಳೆ ಒಳಗೆಲ್ಲ ಬೆರೆಯುತ್ತದೆ.

ಕಾರ್ಕಳ ಭಟ್ರು
ಅಡಿಗೆಯ ಮಾತಿಗೆ ನಾನು ಬರುವುದಿಲ್ಲ. ಆದರೆ ಎರಡನೇ ಅನ್ಯಾಯ ಅಂತ ಬರೆದದ್ದು ಮನಸ್ಸಿಗೆ ತಾಗಿತು. ಒಪ್ಪುತ್ತೇನೆ.

ಪರ್ಕಳದಣ್ಣ
ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ರಾತ್ರಿ ಇಡೀ ಬದುಕಿರಲಿಕ್ಕಿಲ್ಲ ಅನ್ನುವ ಮಾತನ್ನು ಎರಡು ಸಲ ಓದಿಸಿದ. ಮಾರುವುದು ಸದ್ಯಕ್ಕೆ ಇಲ್ಲ, ಆದರೆ ಈ ವರ್ಷ ಮತ್ತೆ ಹೋಗುವುದಾ ಬೇಡವಾ ಅಂತ ಗೊತ್ತಿಲ್ಲವಂತೆ. ಬಿಲ್ಲಿನವರಿಗೆ ಡಿಸೆಂಬರ್ 1ರಿಂದ ಮತ್ತೆ ಬಿಡ್ತಾರಂತೆ. ಹೋಗುವುದಾದರೆ ಎಂತ ಬದಲಾಯಿಸಬೇಕು?

ಬಿಲ್ಲು_ಬಾಣ_ಕುಡ್ಲ
ಮನಸ್ಸಿಲ್ಲದಿದ್ದರೆ ಹೋಗುವುದು ಬೇಡ, ಮುಂದಿನ ಅಕ್ಟೋಬರ್ 1ಕ್ಕೆ ಮತ್ತೆ ಶುರು ಆಗ್ತದೆ. ಹೋಗುವುದಾದರೆ ಡಿಸೆಂಬರ್ ಇನ್ನೂ ಕಷ್ಟ ಅಂತ ತಿಳಿದುಕೊಂಡು ಹೋಗಲಿ. ನವೆಂಬರ್ 15ರಿಂದ 30ರ ತನಕ ಬಂದೂಕಿನ ಬೇಟೆ ನಡೆದಿರುತ್ತದೆ, ಉಳಿದ ಜಿಂಕೆ ಸಣ್ಣ ಸದ್ದಿಗೂ ಬೆದರುತ್ತದೆ. ದೂರ 20 ಗಜಕ್ಕೆ ಕಟ್ಟುನಿಟ್ಟು. ಕಿವಿ ಇತ್ತ ತಿರುಗಿಸಿ ಕಾಲು ಬಿಗಿಹಿಡಿದು ನಿಂತ ಜಿಂಕೆಗೆ ಹತ್ತಿರ ಇದ್ದರೂ ಬಿಡಬಾರದು.

ಚಳಿಗೆ ದಪ್ಪ ಜಾಕೆಟ್ ಹಾಕಿದರೆ ಹೆದೆ ತೋಳಿಗೆ ತಾಗಿ ಬಾಣ ಪಕ್ಕಕ್ಕೆ ಹೋಗುತ್ತದೆ, ಎಡತೋಳಿಗೆ ಬಿಗಿ ಪಟ್ಟಿ ಕಟ್ಟಿಕೊಳ್ಳಬೇಕು. ಎರಡು ಗಂಟೆ ಚಳಿಯಲ್ಲಿ ಕೂತ ಮೇಲೆ 60 ಪೌಂಡ್ ಎಳೆತದ ಬಿಲ್ಲು ಎಳೆಯಲಿಕ್ಕೆ ಬರುವುದಿಲ್ಲ, ಎಳೆತ ಐದು ಪೌಂಡ್ ಇಳಿಸಿ ಹೊಸದಾಗಿ ಗುರಿ ಸರಿಮಾಡಿಕೊಳ್ಳಲಿ. ಅಭ್ಯಾಸ ಅಟ್ಟಣಿಗೆಯ ಎತ್ತರದಿಂದಲೇ, ಅದೇ ಜಾಕೆಟ್ಟಿನಲ್ಲಿ, ಜಿಂಕೆಯಾಕಾರದ ಫೋಮ್ ಗುರಿಯನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿಟ್ಟು. ಮೇಲಿನಿಂದ ಬಿಡುವಾಗ ಕೈ ತಗ್ಗಿಸಬಾರದು, ಸೊಂಟದಿಂದ ಬಾಗಬೇಕು. ಆ ಬಾಣದ ಅಲಗನ್ನು ಹಾಗೇ ಮತ್ತೆ ಬಳಸುವುದು ಬೇಡ, ಒಮ್ಮೆ ನೆಲಕ್ಕೆ ಕುತ್ತಿದ ಅಲಗಿನಲ್ಲಿ ಹರಿತ ಇರುವುದಿಲ್ಲ. ಬದಲಾಯಿಸಲಿ.

ಪರ್ಕಳದಣ್ಣ
ತೋಳಿನ ಪಟ್ಟಿ ಯಾವುದು ಅಂತ ಕೇಳ್ತಾ ಇದ್ದಾನೆ. ಲಿಂಕ್ ಇದ್ದರೆ ಹಾಕಿ.

ಬಿಲ್ಲು_ಬಾಣ_ಕುಡ್ಲ
ಲಿಂಕ್ ಬೇಡ. ಬಿಲ್ಲಿನ ಅಂಗಡಿಗೆ ಅದೇ ಜಾಕೆಟ್ ಹಾಕಿಕೊಂಡು ಹೋಗಿ, ಮೊಣಕೈಯಿಂದ ಮಣಿಗಂಟಿನ ತನಕ ಬರುವ ಉದ್ದದ್ದು ನೋಡಿ ತರಲಿ. ಗಿಡ್ಡದ್ದು ತಂದರೆ ತೋಳಿನ ಬಟ್ಟೆ ಮೇಲುಗಡೆ ಉಬ್ಬಿ ಮತ್ತೆ ಹೆದೆಗೆ ಸಿಗುತ್ತದೆ.